ನಲವತ್ತೆಂಟನೆಯ ತಾಸು

ಹಲಸಿನ ಮುದಿ ಕಾಂಡಕ್ಕೆ ಕಚ್ಚಿಕೊಂಡು
ಹತ್ತಿಪ್ಪತ್ತು ಮಳೆಗಾಲ ಕುಡಿದು ಗಟ್ಟಿಯಾದ ಅಣಬೆ.
ಜೋಯಿಡಾದ ವಿಠ್ಠು ವೇಳಿಪ ಗೋಣಿಚೀಲದಿಂದ ತೆಗೆದು
ಲ್ಯಾಬಿನ ಮೇಜಿನ ಮೇಲಿಟ್ಟಾಗ
ಕುದುರೆ ಗೊರಸಿನ ಹಾಗೆ ಟಕ್ಕೆಂದಿತು.
"ಫಣಸಾಂಬ," ಅಂದ. "ನಮ್ಮಜ್ಜಿ ಕಲ್ಲಿಗೆ ತೇದು
ಮಕ್ಕಳ ವಸಡಿಗೆ ಹಚ್ಚುತ್ತಿದ್ದಳು. ನಿಮಗೆ ಯಾತಕ್ಕೆ?"

ಯಾತಕ್ಕೆಂದು ಹೇಳಲು ನನಗೆ ಒಂದು ವಾರ ಹಿಡಿಯಿತು.
ಪುಡಿ ಮಾಡಿ, ಕುದಿಸಿ, ಸೋಸಿ,
ಆಲ್ಕೋಹಾಲ್ ಹೊಯ್ದರೆ
ಗಂಜಿಯ ತಿಳಿಯಡಿ ಗಸಿ ಕೂತಂತೆ
ತಳಕ್ಕಿಳಿಯುತ್ತದೆ ಒಂದು ಸಕ್ಕರೆ,
ಸಿಹಿಯೇ ಇಲ್ಲದ ಸಕ್ಕರೆ.

ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ ಅವಳಿದ್ದಾಳೆ:
ನಾನು ಹುಟ್ಟುವ ಮೊದಲೇ ತೀರಿಹೋದ
ಯಾವುದೋ ದೂರದೇಶದ ಸನ್ಯಾಸಿನಿ.
ಎದೆಯಲ್ಲಿ ತುಂಬಿದ್ದ ನೀರಿನಿಂದ ತೆಗೆದ ಕೋಶಗಳು.
ಅವಳು ಸತ್ತದ್ದನ್ನು ಇವಕ್ಕೆ ಯಾರೂ ಹೇಳಿಲ್ಲ.
ಎರಡು ದಿನಕ್ಕೊಮ್ಮೆ ಗುಲಾಬಿ ನೀರು ಬದಲಿಸಬೇಕು,
ಚೌತಿಗೂ ರಜೆಯಿಲ್ಲ.

ಮೊನ್ನೆ ಆ ಸಕ್ಕರೆ ಹಾಕಿದೆ.
ನಲವತ್ತೆಂಟನೆಯ ತಾಸಿಗೆ ಕಣ್ಣಿಟ್ಟರೆ
ಅಂಚು ಸುಕ್ಕಿ, ಗುಂಡಗಾಗಿ,
ತಳ ಬಿಟ್ಟು ತೇಲುತ್ತಿದ್ದವು,
ನೂರರಲ್ಲಿ ಅರವತ್ತು.
ನನ್ನ ಬಾಯಿಂದ ಜಾರಿದ ಸುದ್ದಿ
ಬೈತಖೋಲ ಮುಟ್ಟಲು ಒಂದು ಸಂಜೆ ಸಾಕಾಯಿತು.

ಶೇವಂತಿ ಮೌಶಿ ಬಂದಳು.
ಬಲಗಡೆಯದನ್ನು ಬಾಂಬೋಳಿಯ ಆಸ್ಪತ್ರೆಯಲ್ಲಿ ಬಿಟ್ಟು ಬಂದವಳು.
ಆ ತೋಳು ಈಗ ಬುಟ್ಟಿ ಎತ್ತುವುದಿಲ್ಲ,
ಎಡಗೈಯಲ್ಲೇ ಬಂಗಡೆ ಎಣಿಸುತ್ತಾಳೆ.
"ಕೊಡು ನೋಡುವ, ಒಂದು ಚಮಚ ಪುಡಿ."

ಹೇಗೆ ಹೇಳಲಿ.
ಈ ಬಟ್ಟಲಿಗೆ ಯಕೃತ್ತಿಲ್ಲ, ರಕ್ತ ಹರಿಯುವುದಿಲ್ಲ,
ಸೊಸೈಟಿಯ ಸಾಲವಿಲ್ಲ, ರಾತ್ರಿ ಎರಡಕ್ಕೆ ಎಚ್ಚರವಾಗುವುದಿಲ್ಲ.
ಬಟ್ಟಲಲ್ಲಿ ಸಾಯುವುದು ಸುಲಭ, ಮೌಶಿ,
ಉಪ್ಪು ಹೆಚ್ಚಾದರೂ ಸಾಯುತ್ತವೆ.

ಇಷ್ಟೇ ಹೇಳಿದೆ, ಉಪ್ಪಿನದು.

ಮೌಶಿ ನಕ್ಕಳು. ಕಿವಿರು ಎತ್ತಿ ನೋಡದೆ
ಮೀನು ತಾಜಾ ಅನ್ನುವ ಗಿರಾಕಿಗೆ ನಗುವ ನಗು.
"ಅಂದರೆ ದೋಣಿ ಇನ್ನೂ ಸಮುದ್ರದಲ್ಲೇ ಇದೆ.
ನೀನು ಆಗಲೇ ದರ ಕೂಗಿದೆ."

ಸೂಕ್ಷ್ಮದರ್ಶಕಕ್ಕೆ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.
"ಇವಳ ಹೆಸರೇನು?"
"ಇಲ್ಲಿ ಬರೀ ನಂಬರು."
"ಕೊಡುತ್ತೀಯಾ ಅಂತ ಕೇಳಿದ್ದರಾ?"
ಗೊತ್ತಿಲ್ಲ ಅಂದೆ.

ನಾಳೆ ಐದೂವರೆಯ ಬಸ್ಸು, ಐದನೆಯ ಸಲೈನು.
ಪುಡಿಯ ಮಾತು ಮತ್ತೆ ಎತ್ತಲಿಲ್ಲ.
ಹೊರಟವಳು ಬಾಗಿಲಲ್ಲಿ ತಿರುಗಿ,
ತಲೆಗೆ ಸುತ್ತಿದ ಅರಿವೆ ಎಡಗೈಯಲ್ಲಿ ಸರಿಪಡಿಸಿ,
"ಹೌದಾ, ಆ ಉಳಿದ ನಲವತ್ತು
ಈಗ ಏನು ಮಾಡುತ್ತಿವೆ?" ಅಂದಳು.

ಇನ್‌ಕ್ಯುಬೇಟರು ಗುಂಯ್‌ಗುಡುತ್ತಿತ್ತು.
ನೀರು ಬದಲಿಸುವ ಹೊತ್ತಾಗಿತ್ತು.