ಮೆಟ್ಟಿಲಿಗೆ ಉಪ್ಪು

ಬೆಳಿಗ್ಗೆ ರೇಡಿಯೋದವನು ಇಪ್ಪತ್ತು ಇಂಚು ಅಂದ,
ಮಧ್ಯಾಹ್ನಕ್ಕೆ ಮೂವತ್ತು ಮಾಡಿದ.
ಹರಾಜು ಕೂಗುವವನ ಹಾಗೆ ಏರಿಸುತ್ತಲೇ ಇದ್ದಾನೆ.
ನಮ್ಮ ಬೀದಿಯಲ್ಲಿ ಕೊಳ್ಳುವವರು ಏಳೇ ಮನೆ.

ಸುಪೀರಿಯರ್ ಸರೋವರ ಇನ್ನೂ ಹೆಪ್ಪುಗಟ್ಟಿಲ್ಲ.
ಕೆನಡಾದ ಗಾಳಿ ಅದಕ್ಕೆ ಬಾಯಿಟ್ಟು ಕುಡಿದು
ಕೆನ್ನೆ ಉಬ್ಬಿಸಿಕೊಂಡು ಬರುತ್ತಿದೆ.
ಉಗುಳುವುದು ಇಲ್ಲೇ, ಈ ಗುಡ್ಡದ ಮೇಲೆ,
ತಾಮ್ರದ ಗಣಿ ಮುಚ್ಚಿದ ಮೇಲೂ
ಹಟಕ್ಕೆ ಊರಾಗಿ ಉಳಿದ ಊರಿನ ಮೇಲೆ.

ಅಂಗಡಿಯಲ್ಲಿ ಬ್ರೆಡ್ಡಿನ ಕಪಾಟು ಬೋಳು.
ಒಣದ್ರಾಕ್ಷಿಯದೊಂದು ಉಳಿದಿದೆ, ಪ್ರಳಯ ಬಂದರೂ ಅದು ಯಾರಿಗೂ ಬೇಡ.
ಐಲಿ ಬಾತ್‌ಟಬ್ಬಿಗೆ ನೀರು ತುಂಬಿಸಿಡುತ್ತಾಳೆ,
ಅವಳ ಮಗ ಅದರಲ್ಲಿ ದೋಣಿ ಬಿಟ್ಟು ಬೈಸಿಕೊಳ್ಳುತ್ತಾನೆ.
ತೊಯ್ವೊ ಸೌನಾದ ಕಟ್ಟಿಗೆ ಒಳಗೆ ಹೊರುತ್ತಾನೆ,
ಜುಲೈಯಲ್ಲಿ ಒಡೆದ ಬರ್ಚು,
ಮೂಸಿದರೆ ಇನ್ನೂ ಜುಲೈ.

ನಾನು ಶಾಲೆಯ ಬಸ್ಸಿನವಳು. ನಾಳೆ ಶಾಲೆಯಿಲ್ಲ.
ಬಸ್ಸಿನ ಬೆನ್ನನ್ನು ಗಾಳಿಗೆ ಕೊಟ್ಟು ನಿಲ್ಲಿಸಿ ಬಂದು
ಸಲಿಕೆಯನ್ನು ಬಾಗಿಲ ಒಳಗೆ ಇಟ್ಟೆ.
ಹೊರಗಿಟ್ಟ ಸಲಿಕೆಯನ್ನು ಹುಡುಕಲು
ಇನ್ನೊಂದು ಸಲಿಕೆ ಬೇಕಾಗುತ್ತದೆ,
ಇಲ್ಲಿ ಹುಟ್ಟಿದವರು ಅಕ್ಷರಕ್ಕೆ ಮೊದಲು ಇದನ್ನು ಕಲಿಯುತ್ತಾರೆ.

ಮೂರು ಗಂಟೆಗೆ ಆರ್ವೊ ಕಿಟಕಿ ಬಡಿದು ಕರೆದ.
ಮೂವತ್ತೊಂದು ವರ್ಷ ಕೌಂಟಿಯ ಹಿಮದ ಲಾರಿ ಓಡಿಸಿದವನು,
ಈಗ ಮೂಗಿನಡಿ ಸಣ್ಣ ಕೊಳವೆ,
ಗೋಡೆಯ ಕರೆಂಟಿನಿಂದ ಅಡುಗೆಮನೆಯಲ್ಲಿ ಉಸಿರು ತಯಾರಾಗುತ್ತದೆ.
ಬಾಗಿಲ ಹಿಂದಿನ ಬಕೆಟ್ಟು ತೋರಿಸಿದ:
‘ಡೆಲ್ಫಿನ್ ಮೆಟ್ಟಿಲಿಗೆ ಹಾಕಿ ಬಾ.
ನಾನು ಹೇಳಿದೆ ಅನ್ನಬೇಡ.’

ಒಂಬತ್ತು ವರ್ಷದ ಹಿಂದೆ ಇಂಥದೇ ಒಂದು ರಾತ್ರಿ
ಅವನ ಲಾರಿ ಅವಳ ಅಂಚೆಡಬ್ಬಿಯನ್ನು ಕೆಡವಿತ್ತು.
ತೀರಿಹೋದ ತಮ್ಮ ಕೆತ್ತಿಕೊಟ್ಟದ್ದು, ಟ್ರೌಟ್ ಮೀನಿನ ಆಕಾರ,
ಬಾಯಿಂದ ಕಾಗದ ನುಂಗುವಂಥದು.
ಆ ಕಂಬ ಈಗಲೂ ಬರಿಗಂಬ.
ಅವಳು ಕಾಗದಕ್ಕೆ ಪೋಸ್ಟಾಫೀಸಿಗೇ ಹೋಗುತ್ತಾಳೆ,
ಅವನ ಮನೆ ಮುಂದೆ ಹಾಯದ ದಾರಿಯಲ್ಲಿ.

ಹಾಕಿದೆ. ಮೇಲಿನ ಮೆಟ್ಟಿಲಿಂದ ಕೆಳಕ್ಕೆ,
ಕೋಳಿಗೆ ಕಾಳು ಹಾಕುವ ಹಾಗೆ.
ಕೊನೆಯದಕ್ಕೆ ಬರುವಾಗ ಬಾಗಿಲು ತೆರೆಯಿತು.
ಡೆಲ್ಫಿನ್ ನನ್ನ ಮುಖ ನೋಡಲಿಲ್ಲ.
ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿದಳು.
‘ಮರಳು ಬೆರೆಸಿದೆ. ಕೌಂಟಿಯ ಉಪ್ಪು.
ಈ ಬೀದಿಯಲ್ಲಿ ಇದು ಇರುವುದು ಒಂದೇ ಮನೆಯಲ್ಲಿ.’
ನಾನು ಸುಮ್ಮನಿದ್ದೆ. ಹೇಳಬೇಡ ಅಂದಿದ್ದನಲ್ಲ.
ಕಾಲ ಕೆಳಗೆ ಸಣ್ಣ ಸದ್ದು:
ಉಪ್ಪು ತಿಂದ ಮೆಟ್ಟಿಲು
ನೀರು ಕುಡಿಯುತ್ತಿತ್ತು.

ಆಮೇಲೆ ಗ್ಯಾರೇಜಿನ ಬಾಗಿಲು ಕಿರುಗಿತು.
ಜನರೇಟರನ್ನು ಹಠಮಾರಿ ಕರುವಿನ ಹಾಗೆ ಎಳೆದುಕೊಂಡು
ಹಿತ್ತಲ ಸೂರಿನಡಿ ನಿಲ್ಲಿಸಿದಳು.
ಕಿತ್ತಳೆ ಬಣ್ಣದ ವೈರು ಬೇಲಿ ಹತ್ತಿತು, ಬೇಲಿ ಇಳಿಯಿತು,
ಅವನ ಅಡುಗೆಮನೆಯ ಕಿಟಕಿಯ ಕೆಳಗೆ ಬಂದು ನಿಂತಿತು.
‘ಕಿಟಕಿ ತೆಗಿ.’
‘ತೆಗೆದೇ ಇದೆ.’
ಒಂಬತ್ತು ವರ್ಷಕ್ಕೆ ಇಷ್ಟು.

ವೈರು ಒಳಗೆಳೆದು, ಸಂದಿಗೆ ಹಳೆಯ ಕಾಲುಚೀಲ ತುರುಕುತ್ತ
ಆರ್ವೊ, ಉಸಿರು ಸಾಲದೆ, ನಿಲ್ಲಿಸಿ ನಿಲ್ಲಿಸಿ:
‘ಆ ಮೀನಿಗೆ ಬಡಿದದ್ದು... ಲಾರಿಯಲ್ಲ.
ಲಾರಿ ತಳ್ಳಿದ ಹಿಮ.’
‘ಹೌದು ಮಾರಾಯ. ಆ ಹಿಮಕ್ಕೆ ಡ್ರೈವರು ಯಾರು?’
ಅವನು ನಕ್ಕನೋ ಕೆಮ್ಮಿದನೋ,
ಕಿಟಕಿ ಮುಚ್ಚಿಬಿಟ್ಟಿತ್ತು.

ಐದಕ್ಕೆ ಶುರುವಾಯಿತು.
ಮೊದಲು ನಾಲ್ಕು ಹಳುಕು, ದಾರಿ ಕೇಳಲು ಬಂದವರಂತೆ.
ಆಮೇಲೆ ಎದುರು ಮನೆ ಇಲ್ಲ. ಆಮೇಲೆ ಬೇಲಿ ಇಲ್ಲ.
ಕಿತ್ತಳೆ ಗೆರೆ ಒಂದಷ್ಟು ಹೊತ್ತು ಕಂಡಿತು,
ಅದೂ ಹೋಯಿತು.

ಹತ್ತಕ್ಕೆ ದೀಪ ಹೋಯಿತು, ಏಳೂ ಮನೆಯದು, ಒಂದೇ ಏಟಿಗೆ.
ಕತ್ತಲಲ್ಲಿ ನಿಂತು ಕಿವಿಗೊಟ್ಟೆ.
ಗಾಳಿ. ಗಾಳಿ. ಮಾಡಿನ ತಗಡು. ಗಾಳಿ.
ಎಣಿಸತೊಡಗಿದೆ, ಯಾಕೋ. ಅರವತ್ತು. ತೊಂಬತ್ತು.
ನೂರಹತ್ತಕ್ಕೆ
ಹಿತ್ತಲಲ್ಲಿ ಮೋಟರು ಒಮ್ಮೆ ಕೆಮ್ಮಿತು,
ನಿಂತಿತು,
ಇನ್ನೊಮ್ಮೆ ಕೆಮ್ಮಿ ಹಿಡಿದುಕೊಂಡಿತು.

ತಡಕಾಡಿ ಸಲಿಕೆಯನ್ನು ಮುಟ್ಟಿ ನೋಡಿದೆ.
ಒಳಗೇ ಇತ್ತು.