ಬೋರ್ಡಿಲ್ಲದ ಒನ್‌ವೇ

ನಾಲ್ಕು ಚೀಟಿ ಮೇಜಿನ ಮೇಲೆ ಸಾಲಾಗಿ:
ಕೆಂಪು ತ್ರಿಕೋನ ಒಂದು, ಹಸಿರು ನಕ್ಷತ್ರ ಎರಡು,
ಹಳದಿ ಕೂಡುಗುರುತು ಮೂರು, ನೀಲಿ ಸೊನ್ನೆ ನಾಲ್ಕು.
ಎದುರಿಗೆ ತಿಮ್ಮರಾಯಪ್ಪ, ಟ್ರಾಫಿಕ್ ಹೆಡ್ ಕಾನ್‌ಸ್ಟೆಬಲ್.
ಡೈರಿ ಸರ್ಕಲ್ಲಿನಲ್ಲಿ ಹಿಂದಿನಿಂದ ಬಂದ ನೀರಿನ ಟ್ಯಾಂಕರು
ಹಣೆಯ ಎಡಕ್ಕೆ ಒಂದು ಗುಳಿ ಬಿಟ್ಟು ಹೋಗಿದೆ.
ರಜೆಯಲ್ಲಿದ್ದರೂ ಬಿಳಿ ಟೋಪಿ ತೊಡೆಯ ಮೇಲಿದೆ.

ನಾನು ಆಡಬಹುದಾದ ಮಾತು ಎರಡೇ:
ಸರಿ. ತಪ್ಪು.
ಬಣ್ಣ ನೋಡಿ ಜೋಡಿಸಿದರು. ಸರಿ, ಸರಿ, ಸರಿ.
ಹತ್ತು ಸಲ ಸರಿ ಎನ್ನಿಸಿಕೊಂಡು ಮೀಸೆಗೆ ಕೈ ಹೋಗುವಷ್ಟರಲ್ಲಿ
ನಾನು ಒಳಗೊಳಗೇ ಕಾಯಿದೆ ಬದಲಿಸಿದೆ.
ಇನ್ನು ಬಣ್ಣವಲ್ಲ, ಆಕಾರ.

ಹಸಿರಿಗೆ ಹಸಿರಿಟ್ಟರು. ತಪ್ಪು.
ಕನ್ನಡಕ ಒರೆಸಿ, ಮತ್ತೆ ಹಸಿರಿಗೆ ಹಸಿರು. ತಪ್ಪು.
ಕೆಂಪಿಗೆ ಕೆಂಪು, ಈ ಸಲ ಹೆಬ್ಬೆರಳಿಂದ ಒತ್ತಿ,
ಚೀಟಿ ತಪ್ಪಿಸಿಕೊಂಡು ಓಡೀತೆಂಬಂತೆ.
ತಪ್ಪು.
"ಈಗಷ್ಟೇ ಸರಿ ಅಂದ್ರಲ್ಲ ಮೇಡಂ?"
ಉತ್ತರ ಕೊಡುವಂತಿಲ್ಲ.
"ಬೋರ್ಡ್ ಹಾಕ್ದೆ ಒನ್‌ವೇ ಮಾಡ್ಬಿಟ್ಟು
ಫೈನ್ ಹಾಕಂಗಿಲ್ಲ. ರೂಲ್ಸೇ ಅದು."
ನನ್ನ ಹಾಳೆಯಲ್ಲಿ ಈ ಮಾತಿಗೊಂದು ಕಲಂ ಇಲ್ಲ.
ಗೆರೆ ಎಳೆದೆ. ಇನ್ನೊಂದು. ಇನ್ನೊಂದು.

ವಿಲ್ಸನ್ ಗಾರ್ಡನ್ನಿನ ಆ ತಿರುವಿಗೆ ಈ ವಾರ ಮೂರು ಸಲ
ಸ್ಕೂಟರು ನುಗ್ಗಿಸಿ ವಾಪಸು ತಿರುಗಿಸಿದ್ದೇನೆ.
ಯಾರೂ ಎಣಿಸಲಿಲ್ಲ.

ಆಮೇಲೆ ಬಣ್ಣದ ಪದಗಳು:
ಹಸಿರು ಶಾಯಿಯಲ್ಲಿ ಅಚ್ಚಾದ ‘ಕೆಂಪು’.
ಓದಬೇಡಿ, ಕಂಡ ಬಣ್ಣ ಹೇಳಿ, ಎಂದೆ.
ಅವರ ಬಲಗೈ ತಾನಾಗಿ ಎದೆಮಟ್ಟಕ್ಕೆದ್ದು ನಿಂತಿತು
ಬಿಡಲೋ ತಡೆಯಲೋ ತಿಳಿಯದೆ.
ಇಪ್ಪತ್ತಾರು ವರ್ಷ
ಊರಿಗೆ ಊರೇ ಆ ಅಂಗೈಗೆ ನಿಂತಿತ್ತು.

ಒಂದರಿಂದ ಅ, ಅಲ್ಲಿಂದ ಎರಡು, ಎರಡರಿಂದ ಆ,
ಗೆರೆ ಹೀಗೆ ಹೆಣೆಯುತ್ತ ಹೋಗಬೇಕು.
ಮೂರರ ತನಕ ಬಂದ ಪೆನ್ಸಿಲು
ನಾಲ್ಕು ಐದು ಆರಕ್ಕೆ ನೆಟ್ಟಗೆ ನುಗ್ಗಿತು,
ನಡುರಾತ್ರಿ ರಿಂಗ್ ರೋಡಿನಲ್ಲಿ ಜಲ್ಲಿ ಲಾರಿಯ ಹಾಗೆ.

ಹೊರಗೆ ಬೆಂಚಿನ ಮೇಲೆ ಪುಟ್ಟಗಂಗಮ್ಮ,
ಕಂಕುಳಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ.
ಮನೆಯಲ್ಲಿ ಹೇಗಿದ್ದಾರೆ, ಕೇಳಿದೆ.
"ಸಕ್ರೆ ಡಬ್ಬಾನ ಮೇಲಿನ ಷೆಲ್ಫಿಗಿಟ್ಟು
ಆ ಜಾಗ್ದಲ್ಲಿ ಉಪ್ಪಿಟ್ಟಿದ್ದೆ.
ದಿನಾ ಬೆಳಿಗ್ಗೆ ಅಲ್ಲಿಗೇ ಕೈ ಹಾಕೋರು,
ಉಪ್ಪಿನ ಕಾಫೀನ ಪೂರ್ತಿ ಕುಡಿಯೋರು, ಸುಮ್ಮನೆ.
ಹದಿನೈದು ದಿನ ಹೇಳಿ ನೋಡ್ದೆ."
ಲಕೋಟೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು.
"ಆಮೇಲೆ ಡಬ್ಬಾನೇ ಹಳೇ ಜಾಗಕ್ಕೆ ಇಟ್ಬಿಟ್ಟೆ ಕಣಮ್ಮ."