ತಾಮ್ರದ ಪಾಲು

ಶೆಫೀಲ್ಡಿನ ಹೀಲಿ ಇಳಿಜಾರಿನ ಸೈಕಲ್ ಅಂಗಡಿ.
ಬಾಗಿಲು ತಳ್ಳಿದರೆ ಎಣ್ಣೆ, ರಬ್ಬರು, ಸೀದ ಬ್ರೆಡ್ಡಿನ ವಾಸನೆ.
ಈನಿಡ್ ಓಲರೆನ್‌ಶಾ ಹೊಸ ಟೈರನ್ನು ಸುರುಳಿ ಸುತ್ತಿ
ಅಡಿಗೆಮನೆಯ ತಕ್ಕಡಿಯ ಮೇಲಿಟ್ಟಳು.
ಅಂಕಿ ನಿಲ್ಲಲೊಲ್ಲದು:
ಏಳುನೂರ ತೊಂಬತ್ತು, ತೊಂಬತ್ತಮೂರು, ಮತ್ತೆ ಎಂಬತ್ತೊಂಬತ್ತು.

"ಹೀಟರಿನ ಫ್ಯಾನು ಆರಿಸಿ," ಅಂದೆ.
ನಕ್ಕಳು. ಆರಿಸಿದಳು.
ಏಳುನೂರ ತೊಂಬತ್ತೊಂದು. ನಿಂತಿತು.

ಮುದಗಲ್ಲಿನ ನಮ್ಮ ಅಂಗಡಿಯಲ್ಲಿ
ಮೇ ತಿಂಗಳ ನಡುಮಧ್ಯಾಹ್ನವೂ
ಬಂಗಾರ ತೂಗುವಾಗ ಫ್ಯಾನು ಆರಬೇಕು.
ಗಿರಾಕಿಗೂ ಬೆವರು, ಅಪ್ಪನಿಗೂ ಬೆವರು,
ಬಾಯಿಗೆ ಸೆರಗೊತ್ತಿ ಕೂತ ಮದುಮಗಳ ತಾಯಿ,
ಗಾಜಿನ ಪೆಟ್ಟಿಗೆಯೊಳಗೆ ನಡುಗುವ ಮುಳ್ಳು.
ನಾನು ಮೂಲೆಯಲ್ಲಿ ಉಸಿರು ಹಿಡಿದಿರುತ್ತಿದ್ದೆ,
ಉಸಿರಿಗೂ ಒಂದು ಗುಲಗಂಜಿ ತೂಕ
ಇದ್ದೇ ಇದೆ ಎಂದು ನಂಬಿ.

ಈಗ ನಲವತ್ತಾರು.
ಹಲ್ಲಿಗೆ ಟೊಪ್ಪಿಗೆ ಎರೆಯುವ ಲ್ಯಾಬಿನಲ್ಲಿ ಕೆಲಸ.
ಭಾನುವಾರ ಹೌಂಡ್‌ಕರ್ಕ್ ದಾರಿ ಹತ್ತುತ್ತೇನೆ.
ಮೂರನೇ ಗೇಟಿನಾಚೆಯ ಏರು ಶುರುವಾದೊಡನೆ
ಇಳಿದು ತಳ್ಳುತ್ತೇನೆ.
ಕುರಿಗಳು ನೋಡುತ್ತವೆ. ನೋಡಲಿ.

"ಸೀಟಿನ ಮೇಲಿನ ಭಾರ ಬೆಟ್ಟ ಹತ್ತಿದರೆ ಸಾಕು,"
ಈನಿಡ್ ನನ್ನ ಹೊಟ್ಟೆ ನೋಡಿಯೂ ನೋಡದಂತೆ ಹೇಳಿದಳು,
"ಅಂಚಿನ ಭಾರ ಹತ್ತುತ್ತಲೂ ಇರಬೇಕು, ಸುತ್ತುತ್ತಲೂ ಇರಬೇಕು.
ಎರಡು ಕೂಲಿ ಕೇಳುತ್ತದೆ."

ಇದು ನನಗೆ ಹೊಸದಲ್ಲ.
ಬಳೆಗೆ ಅಂಚೇ ಮೈ. ನಡುವೆ ಬರೀ ಬಯಲು,
ಯಾರದೋ ಮುಂಗೈ ಬರುವ ತನಕ.

ಹಳೆಯ ಗಾಲಿ ಜೋಡಿ ಎರಡು ಸಾವಿರದ ಇನ್ನೂರೈವತ್ತು ಗ್ರಾಂ.
ಹೊಸದು ಸಾವಿರದ ಆರುನೂರೈವತ್ತು.
ಬೆರಳಲ್ಲಿ ತಿರುಗಿಸಿದೆ. ನಿಲ್ಲುವುದನ್ನೇ ಮರೆತಂತೆ,
ಕಟಕಟ ಕಟಕಟ, ನೊಣದಷ್ಟು ಸಣ್ಣ ಸದ್ದು.
ಆಸೆ ಆಯಿತು. ಆಸೆಗೆ ತಕ್ಕಡಿ ಇಲ್ಲ.
"ಟೈರು ಇನ್ನೂ ತೆಳ್ಳಗಿನದು ಕೊಡಿ," ಅಂದೆ,
"ಎರಡಕ್ಕೂ. ಇರುವುದರಲ್ಲೇ ಅತಿ ತೆಳ್ಳಗಿನದು."

ಅವಳು ಮಾತಾಡಲಿಲ್ಲ.
ಮೊಳೆಗೆ ನೇತುಹಾಕಿದ್ದ ಟೈರೊಂದನ್ನು ಇಳಿಸಿ
ಅದರ ಪಕ್ಕೆಯ ಸೀಳಿನಲ್ಲಿ ಹೆಬ್ಬೆರಳು ತೂರಿಸಿದಳು,
ಉಗುರು ಆಚೆ ಬಂತು.
"ಐದುನೂರ ತೊಂಬತ್ತು ಗ್ರಾಂ. ಎರಡನೇ ಸವಾರಿ.
ಹಿಂದೊಮ್ಮೆ ಬೀಸುಕಲ್ಲು ಕಡೆದದ್ದು ಇದೇ ಬೆಟ್ಟದ ಬಂಡೆಯಲ್ಲಿ.
ಹಿಂದಿನ ಗಾಲಿಯ ಮೇಲೆ ನೀನು ಕೂತಿರುತ್ತೀ ಕಣಮ್ಮಾ."

ಆಗ ಕೇಳಿತು, ಕುಲುಮೆಯ ಬದಿಯಿಂದ ಅಪ್ಪ ಮೌನೇಶಪ್ಪ:
"ಅಪರಂಜಿ ಅಂದ್ರ ನೋಡಾಕ. ಉಡಾಕಲ್ಲ.
ತಾಮ್ರ ಕೂಡದ ಬಂಗಾರ
ಬಾಗಿಲದ ಚಿಲಕಕ್ಕ ತಾಕಿದ್ರ ಸಾಕು, ಸೊಟ್ಟ."

ಮುಂದಕ್ಕೆ ಏಳುನೂರ ತೊಂಬತ್ತೊಂದು.
ಹಿಂದಕ್ಕೆ ದಪ್ಪ ಪಕ್ಕೆಯ ಒಂಬೈನೂರ ಎಂಬತ್ತು.
ಟ್ಯೂಬಿಲ್ಲ; ಒಳಗೆ ಹಾಲಿನಂಥ ಅಂಟು ಸುರಿದಳು,
ಗಾಳಿ ಹೊಡೆದಾಗ ಅಂಚು ಟಪ್ಪೆಂದು ಕೂತಿತು.
ಬಿಲ್ಲು ನಾನೂರ ಎಂಬತ್ತು ಪೌಂಡು.

ರಾತ್ರಿ ಫೋನು.
"ಗಾಲ್ಯಾಗ ಎಷ್ಟ ಇಳೀತು?"
"ಆರುನೂರು ಗ್ರಾಂ, ಅಪ್ಪಾ."
ಆ ಕಡೆ ಮನಸ್ಸಿನಲ್ಲೇ ಭಾಗಾಕಾರ. ಕೆಮ್ಮು.
"ಐವತ್ತೊಂದು ತೊಲಿ!
ಐವತ್ತೊಂದು ತೊಲಿ ಕೊಟ್ಟ ಬಂದಿ,
ಮ್ಯಾಲೆ ರೊಕ್ಕಾನೂ ಕೊಟ್ಟಿ?"
ಆಮೇಲೆ, ಅಕ್ಕಸಾಲಿಗನ ದನಿಯಲ್ಲಿ, ಮೆಲ್ಲಗೆ:
"ಹಳೇದಕ್ಕ ಸವಕಳಿ ಎಷ್ಟ ಹಿಡಿದಳು?"

ಭಾನುವಾರ ಮಂಜು.
ಮೂರನೇ ಗೇಟು ತೆಗೆದೆ, ಮುಚ್ಚಿದೆ, ಏರಿಗೆ ಬಿದ್ದೆ.
ಉಸಿರು ಹಿಡಿಯಲಿಲ್ಲ, ಎಲ್ಲ ಬಿಟ್ಟೆ,
ಕುರಿಗಳಿಗೆ ಕೇಳುವಷ್ಟು ಜೋರಾಗಿ.

ಹದಿನಾಲ್ಕು ಮಾರು ಹೆಚ್ಚು.
ಅಲ್ಲಿ ಇಳಿದೆ.